ಬಣ್ಣದ ಬಕೆಟ್ಟಿನ ಮಾವು

ಹಲೋ... ಹಲೋ, ಯಾರು ಮಾತಾಡ್ತಿರೋದು? ಅತ್ತಿಗೆನಾ?... ನಾನು ಅತ್ತಿಗೆ, ನಿಮ್ಮ ತಂಗಿ ಗಂಡ... ಹಾಂ, ಪೇಂಟರೇ. ಬೇರೆ ಇನ್ನೆಷ್ಟು ಗಂಡಂದಿರು ಇದಾರೆ ಅವಳಿಗೆ?

...

ಇಲ್ಲ ಇಲ್ಲ, ತಮಾಷೆಗೆ ಅಂದೆ. ಫೋನ್ ಇಟ್ಬಿಡ್ಬೇಡಿ, ದಮ್ಮಯ್ಯ. ಅವಳಿಗೆ ಸ್ವಲ್ಪ ಕೊಡ್ತೀರಾ?... ಮಲಗಿದಾಳಾ? ಈ ಮಟಮಟ ಮಧ್ಯಾಹ್ನ? ಈಗ ತಾನೇ ಹಿಂದೆ ಕೆಮ್ಮಿದ್ದು ಅವಳೇ ಅತ್ತಿಗೆ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದೋನಿಗೆ ಆ ಕೆಮ್ಮು ಗೊತ್ತಾಗಲ್ವಾ?

...

ಜಗಳಕ್ಕಲ್ಲ, ಮಾವಿನಹಣ್ಣಿಗೆ... ಹೌದು, ಅದೇ ಮಾವು. ಅವೇ ನೋಡಿ ಈಗ ನನ್ನ ಪ್ರಾಣ ಹಿಂಡ್ತಿರೋದು. ಬರೀ ಹಣ್ಣಿನ ವಿಚಾರ ಕೇಳ್ತಾನಂತೆ, ಬೇರೆ ಏನೂ ಎತ್ತಲ್ವಂತೆ ಅಂತ ಹೇಳಿ. ಅಷ್ಟು ಹೇಳಿ ಸಾಕು.

...

ಹಲೋ?... ನೀನಾ?... ಮಾತಾಡೇ.

...

ನಾನಾ? ನಾನು ಹೇಗಿರ್ತೀನಿ, ಕೈಕಾಲೇ ಆಡ್ತಿಲ್ಲ. ಮನೆ ತುಂಬ ಮಾವಿನಹಣ್ಣು ಕಣೇ. ನೀನು ಹೊರಟಾಗ ಕಲ್ಲಿನ ಹಾಗಿದ್ವಲ್ಲ, ಈಗ ಎಲ್ಲಾ ಮಾತಾಡ್ಕೊಂಡ ಹಾಗೆ ಒಟ್ಟಿಗೇ ಹಣ್ಣಾಗ್ತಿವೆ. ಇಡೋಕೆ ಜಾಗ ಸಾಲದೆ ಮಂಚದ ಮೇಲೂ ಹರಡಿದೀನಿ... ಹಾಂ, ನಿನ್ನ ಕಡೆಗೇ. ನನ್ನ ಕಡೆ ನಾನು ಮಲಗ್ಬೇಡ್ವಾ?

...

ಮರದಲ್ಲಿ ಏನೂ ಉಳಿದಿಲ್ಲ. ಅವತ್ತು ನೀನೇ ನೋಡಿದೆಯಲ್ಲ. ತುದೀಲಿ ದೋಟಿಗೆ ಎಟುಕದ್ದು ಎರಡೋ ಮೂರೋ ಇತ್ತು, ಅವನ್ನೂ ಗಿಣಿ ಕುಕ್ಕಿ ಹಾಕ್ತು.

...

ಗೊತ್ತು ಕಣೇ. ಹೂ ಬಿಟ್ಟಾಗಿಂದ ನೀನು ಕಾಯ್ತಿದ್ದೆ, ಗೊತ್ತು. ಮೊದಲ ಹಣ್ಣು ತಾನಾಗೇ ಉದುರೋವರೆಗೆ ನೀನು ಮರಕ್ಕೆ ದೋಟಿ ಮುಟ್ಟಿಸಲ್ಲ, ಆಮೇಲೂ ದಿನಕ್ಕೆ ಬೇಕಾದಷ್ಟೇ ಕೀಳ್ತೀಯ, ಅದೂ ಗೊತ್ತು. ಆದ್ರೆ ರೇಡಿಯೋದಲ್ಲಿ ಬಿರುಗಾಳಿ ಅಂದ್ರಲ್ಲ! ನೀನು ಪೇಟೆಯಿಂದ ಬರೋದ್ರೊಳಗೆ ಎಲ್ಲಾ ಇಳಿಸಿ ಇಟ್ರೆ ಖುಷಿಪಡ್ತೀಯ ಅಂತ ನಾನು ಮೈ ಮುರಿದು ಕಿತ್ತೆ... ಹೌದು, ಗಾಳಿ ಬರ್ಲಿಲ್ಲ. ಒಂದು ಎಲೆ ಅಲ್ಲಾಡಲಿಲ್ಲ. ಅದಕ್ಕೆ ನಾನೇನು ಮಾಡ್ಲಿ ಹೇಳು?

...

ಕೇಳಬಹುದಿತ್ತು. ಒಪ್ಕೊಂಡೆ... ಅಡುಗೆಮನೆಗೆ ಬಣ್ಣ ಹೊಡೆಯೋವಾಗಲೂ ಕೇಳಬಹುದಿತ್ತು, ಸರಿ. ಹಳದಿ ಕಂಡ್ರೆ ನಿನಗಾಗಲ್ಲ ಅಂತ ಎರಡು ಕೋಟು ಹೊಡೆದ ಮೇಲೆ ಹೇಳಿದ್ರೆ?... ನಿನ್ನ ಹೊಲಿಗೆ ಮಷೀನ್ ಮಾತು ಯಾಕೆ ಈಗ? ನನ್ನ ತಂಗಿ ಕೇಳಿದ್ಲು, ಮೂಲೇಲಿ ಧೂಳು ತಿಂತಿತ್ತು, ಕೊಟ್ಟೆ... ಸರಿ. ಬೈಯಿ. ಬಾಯ್ತುಂಬ ಬೈಯಿ, ಕೂತು ಕೇಳ್ತೀನಿ.

...

ಬೈಯಲ್ವಾ? ಯಾಕೆ?

...

ಸರಿ, ಹಣ್ಣಿನ ವಿಚಾರಾನೇ. ಎಲ್ಲಿಟ್ಟಿದ್ದೆ ಅಂದ್ರೆ... ನಗಬಾರ್ದು. ನನ್ನ ಬಣ್ಣದ ಬಕೆಟ್‌ಗಳಲ್ಲಿ. ತೊಳೆದಿದ್ದೆ ಕಣೇ! ಸೋಪು ಹಾಕಿ ಉಜ್ಜಿದ್ದೆ. ಕೆಳಗೆ ಹುಲ್ಲು, ಮೇಲೆ ಕಾಯಿ, ಇಲಿ ಬರಬಾರ್ದು ಅಂತ ಮುಚ್ಚಳಾನೂ ಬಡಿದು ಕೂರಿಸಿದೆ... ಹೂಂ, ಒಂಚೂರೂ ಗಾಳಿ ಆಡದ ಹಾಗೆ. ಬಣ್ಣ ಒಣಗಬಾರ್ದು ಅಂತ ದಿನಾ ಹಾಗೇ ತಾನೇ ಮುಚ್ಚೋದು? ನನಗೆ ಬರೋದು ಅದೊಂದೇ ಕೆಲಸ. ನಿನ್ನೆ ತೆಗೆದ್ರೆ ಮುಚ್ಚಳದ ತುಂಬ ನೀರು, ಅಡೀಲಿ ಇದ್ದವು ಕೊಳೆತು ಗೊಜ್ಜು, ಮೇಲಿನವಕ್ಕೆ ಥಿನ್ನರ್ ವಾಸನೆ. ಪಕ್ಕದ ಮನೆ ಅಜ್ಜಿಗೆ ಒಂದು ಕೊಟ್ಟೆ. ಮೂಸಿ ನೋಡಿ, 'ಇದನ್ನ ತಿನ್ನೋದೇನಪ್ಪಾ, ಇಲ್ಲಾ ಬಾಗಿಲಿಗೆ ಬಳಿಯೋದಾ?' ಅಂದ್ರು.

...

ನಕ್ಯಾ! ನೀನು ನಕ್ಯಾ, ನಂಗೆ ಕೇಳಿಸ್ತು... ಇಲ್ವಾ? ಸರಿ, ನಕ್ಕಿಲ್ಲ. ಹೇಳು, ಉಳಿದಿರೋದನ್ನ ಹೇಗೆ ಉಳಿಸ್ಕೊಳ್ಲಿ?

...

ಸ್ವಲ್ಪ ನಿಧಾನ. ಮೆತ್ತಗಾಗಿರೋದು ಒಂದು ಕಡೆ, ದೋರೆಗಾಯಿ ಒಂದು ಕಡೆ, ಹಸಿರು ಇನ್ನೊಂದು ಕಡೆ. ಒಂದಕ್ಕೊಂದು ತಾಗಬಾರ್ದು. ಹೂಂ. ಹೆಬ್ಬೆರಳಲ್ಲಿ ಒತ್ತಿ ನೋಡ್ಲಾ?... ಒತ್ತಬಾರ್ದಾ? ತೊಟ್ಟಿನ ಹತ್ರ ಮೂಸ್ಬೇಕಾ? ಜೀವನಪೂರ್ತಿ ಥಿನ್ನರ್ ಮೂಸಿರೋ ಮೂಗಿಗೆ ಏನು ತಿಳಿಯುತ್ತೆ ಮಾರಾಯ್ತಿ!

...

ಫ್ರಿಜ್ಜಾ? ಫ್ರಿಜ್ ತುಂಬ ಹಸಿರುಕಾಯಿ ಜೋಡಿಸಿದೀನಲ್ಲ, ಕೆಡಬಾರ್ದು ಅಂತ... ತೆಗೀಬೇಕಾ? ತಣ್ಣಗಿದ್ರೆ ಕಾಯಿ ಹಣ್ಣೇ ಆಗಲ್ವಾ? ಹಣ್ಣಾದ ಮೇಲೆ ಒಳಗಿಡೋದಾ? ಅಯ್ಯೋ ನನ್ನ ಕರ್ಮ. ನಾನು ಹಣ್ಣು ಹೊರಗೆ, ಕಾಯಿ ಒಳಗೆ ಇಟ್ಟಿದೀನಿ. ಎಲ್ಲಾ ತಿರುಗಾಮುರುಗಾ.

...

ಯಾಕೆ ಹೀಗೆ ಮಾತಾಡ್ತಿದೀನಿ ಅಂದ್ರೆ? ಕುಡಿದಿಲ್ಲ ಕಣೇ, ನಿನ್ನಾಣೆ! ತುಟಿ ಸುಟ್ಟಿದೆ. ಸೊನೆ. ತೊಳೀದೆ ಹಾಗೇ ಕಚ್ಚಿಬಿಟ್ಟೆ, ಮೂತಿ ಊದಿ ವಡೆ ಹಾಗಾಗಿದೆ. ನೀನು ಕೊಟ್ಟ ಹಣ್ಣು ಯಾವತ್ತೂ ಸುಟ್ಟಿರ್ಲಿಲ್ಲ, ನನಗೇನು ಗೊತ್ತು?... ತೊಟ್ಟು ಮುರಿದು, ಬೋರಲು ಇಟ್ಟು, ಸೊನೆ ಸೋರಿಸಿ, ಆಮೇಲೆ ನೀರಲ್ಲಿ ನೆನೆಹಾಕ್ತಿದ್ಯಾ? ಒಂದೊಂದನ್ನೂ? ಯಾವಾಗ ಮಾಡ್ತಿದ್ದೆ ಇದನ್ನೆಲ್ಲಾ? ನಾನು ನೋಡೇ ಇಲ್ವಲ್ಲ. ನನಗೆ ತಟ್ಟೇಲಿ ಹೋಳು ಬಂದು ಕೂತಿರೋದಷ್ಟೇ ಗೊತ್ತು.

...

ಈಗಲೇ ಕೊಯ್ಲಾ? ತಾಳು, ಫೋನ್ ಹೆಗಲಿಗೆ ಸಿಕ್ಕಿಸ್ಕೋತೀನಿ. ಚಾಕು... ಚಾಕು ಎಲ್ಲಿಡ್ತೀಯಾ?... ಹಾಂ, ಸಿಕ್ತು. ತೊಟ್ಟು ಮೇಲೆ ಬರೋ ಹಾಗೆ ನಿಲ್ಲಿಸ್ಬೇಕು. ಒಳಗಿನ ಓಟೆಗೆ ತಾಗದ ಹಾಗೆ ಈ ಪಕ್ಕ ಒಂದು ಹೋಳು... ಜಾರ್ತಿದೆ... ಅಯ್ಯಯ್ಯೋ!

...

ಇಲ್ಲ, ಕೈ ಅಲ್ಲ, ಹಣ್ಣು. ಸ್ಟೂಲ್ ಕೆಳಗೆ ಉರುಳಿ ಹೋಯ್ತು. ಗಾಬರಿಯಾದ್ಯಾ?... ಆಗಿದ್ಯಲ್ಲ, ಧ್ವನಿ ಹೇಳ್ತಿದೆ. ಇರು, ಇನ್ನೊಂದು ತಗೋತೀನಿ. ಏಣಿ ತುದೀಲಿ ಒಂಟಿ ಕಾಲಲ್ಲಿ ನಿಂತು ಸೂರಿಗೆ ಬಣ್ಣ ಹೊಡೀತೀನಿ, ಒಂದು ಹಣ್ಣು ಹಿಡಿಯೋಕೆ ಬರಲ್ಲ ನೋಡು... ಬಂತು. ಈ ಪಕ್ಕ ಒಂದು, ಆ ಪಕ್ಕ ಒಂದು. ಆಯ್ತು. ತಿಂದು ನೋಡ್ಲಾ?

...

ಏನೇ ಇದು! ಇಷ್ಟು ಸಿಹಿ! ಥಿನ್ನರ್ ಇಲ್ಲ, ಏನಿಲ್ಲ. ನೀನು ಒಂದಾದ್ರೂ ತಿಂದ್ಯಾ ಈ ವರ್ಷ?... ಒಂದೂ ಇಲ್ವಾ?

...

ತಂದ್ಕೊಡ್ಲಾ? ಒಳ್ಳೊಳ್ಳೇದು ಆರಿಸಿ ಚೀಲಕ್ಕೆ ಹಾಕ್ಕೊಂಡು ಈಗಲೇ ಹೊರಟೆ ನೋಡು. ಒಳಗೆ ಬರಲ್ಲ, ಬಾಗಿಲಲ್ಲೇ ಕೊಟ್ಟು... ಬೇಡ್ವಾ... ಬೇಡ ಅಂದ್ರೆ ಬೇಡ. ಸರಿ. ಬರಲ್ಲ.

...

ಅಲ್ಲ ಕಣೇ, ಒಂದು ಮಾತು. ಮೊದಲೆಲ್ಲ ಏನಾದ್ರೂ ಕೇಳಿದ್ರೆ, 'ಸರೀರಿ ಅತ್ಲಾಗೆ, ನಿಮ್ಮ ಕೈಲಿ ಏನಾಗುತ್ತೆ' ಅಂತ ಕಿತ್ಕೊಂಡು ನೀನೇ ಮಾಡ್ತಿದ್ದೆ. ಇವತ್ತು ಟೀಚರ್ ಹಾಗೆ ಒಂದೊಂದೇ ಬಿಡಿಸಿ ಬಿಡಿಸಿ ಹೇಳ್ತಿದೀಯಾ. ಒಂದು ಸಿಡುಕಿಲ್ಲ, ಒಂದು ಬೈಗುಳ ಇಲ್ಲ. ನನಗೆ ಯಾಕೋ ಭಯ ಆಗ್ತಿದೆ.

...

ಹೂಂ. ಹಣ್ಣಿನ ವಿಚಾರ ಮಾತ್ರ. ಆಯ್ತು. ಮಿಕ್ಕಿದ್ದನ್ನ ಏನು ಮಾಡ್ಲಿ? ಇಷ್ಟೂ ತಿನ್ನೋಕೆ ನನ್ನಿಂದಾಗುತ್ತಾ?

...

ತಿರುಳು ತೆಗೆದು, ಡಬ್ಬೀಲಿ ತುಂಬಿ, ಫ್ರೀಜರ್‌ನಲ್ಲಿ. ಕಂಠಮಟ್ಟ ತುಂಬಬಾರ್ದು, ಹೆಪ್ಪುಗಟ್ಟಿದ್ರೆ ಉಬ್ಬುತ್ತೆ... ಚಳಿಗಾಲದವರೆಗೂ ಇರುತ್ತಾ? ಪರವಾಗಿಲ್ವೇ! ಆದ್ರೆ ಒಂದ್ಸಲ ಕರಗಿಸಿದ್ದನ್ನ ಮತ್ತೆ ಒಳಗಿಡಬಾರ್ದು. ಅದಕ್ಕೇ ಸಣ್ಣ ಡಬ್ಬಿ. ಯಾವುದು, ಆ ನೀಲಿ ಮುಚ್ಚಳದ್ದಾ? ಅದು ತೀರಾ ಪುಟ್ಟದು ಕಣೇ, ಅದರಲ್ಲಿ ಹಿಡಿಯೋದು ಒಬ್ಬರಿಗೆ...

...

ಒಬ್ಬರಿಗಾಗೋಷ್ಟೇ ಸಾಕಾ?

...

ಒಬ್ಬರಿಗೆ ಅಂದ್ರೆ? ಚಳಿಗಾಲಕ್ಕೆ ಅಂದ್ಯಲ್ಲ ಈಗ. ಚಳಿಗಾಲಕ್ಕೂ ಒಬ್ಬರಿಗೇನಾ?

...

ಸುಮ್ಮನಾಗಬೇಡ. ಬೈಯಿ, ಅಳು, ಏನಾದ್ರೂ ಮಾಡು, ಸುಮ್ಮನಿರಬೇಡ.

...

ನೋಡು, ಮೇಲಿನ ಅಟ್ಟದಲ್ಲಿ ದೊಡ್ಡ ಡಬ್ಬಿಗಳಿವೆ. ಇಬ್ಬರಿಗಾಗೋಷ್ಟು ಹಿಡಿಸುತ್ತೆ. ಅವನ್ನ ಇಳಿಸ್ಲಾ?... ನಾನಾಗೇ ಇಳಿಸಲ್ಲ. ನೀನು ಹೇಳಿದ್ರೆ ಮಾತ್ರ. ಹೂಂ ಅಂದ್ರೂ ಸರಿ, ಊಹೂಂ ಅಂದ್ರೂ ಸರಿ... ಅಲ್ಲ, ಸರಿಯಿಲ್ಲ, ಊಹೂಂ ಅನ್ನಬೇಡ ಕಣೇ... ಹೇಳು, ಯಾವುದರಲ್ಲಿ ತುಂಬ್ಲಿ?

...

ಹಲೋ?... ಕೇಳಿಸ್ತಾ?... ಲೈನ್ ಹೋಯ್ತಾ, ನೀನೇ ಇಟ್ಯಾ?... ಹಲೋ...