ಹೆಜ್ಜಿ ಎಣಸೂ ಗಡಿಯಾರ

ಮಗ್ಗ ಬಂದ್ ಮಾಡೇನಿ, ಇನ್ನರ ಕಿವಿಲೆ ಕೇಳ! ನನ್ನ ತುಟಿ ಯಾಕ ನೋಡ್ತಿ, ದಾನಮ್ಮ? ಬೆಳಗಾವಿ ಡಾಕ್ಟರ್ ಫೋನ್ ಮಾಡಿದ್ದ. "ನೀಲಕಂಠ ಅವರ, ನಿಮ್ಮ ಎದಿ ಬಡಿತ ಮತ್ತ ತಪ್ಪಾಕತ್ತೈತಿ, ಇವತ್ತ ಹೊಂಡ್ರಿ" ಅಂತ!

ಥೂ! ಹೋದ ಸಲ ತೊಡಿಯಾಗಿಂದ ತಂತಿ ತೂರಿಸಿ, ಬಡಿತ ನೆಟ್ಟಗ ಆಗ್ಲಿ ಅಂತ ಎದಿ ಒಳಗ ಸುಟ್ಟು ಕಳಿಸ್ಯಾನ. ಈಗ ಮತ್ತ ಸುಡತಾನಂತ! ಯಾರ್ನ ಸುಡತಾನ? ಮುಂಜಾನಿಂದ ನೂಲಿನ ಗಂಟ ಹೊತ್ತೇನಿ, ಒಂದ ಉಸಿರ ತಪ್ಪಿಲ್ಲ. ಕುದುರಿ ಇದ್ದಂಗ ಅದೇನಿ!

ಗಂಡನ್ನ ನೋಡಿ ಯಾಕ ನಗತಿ?... ನಗಾಕತ್ತಿಲ್ಲ? ಮತ್ಯಾಕ ಹಲ್ಲ ಕಡ್ಯಾಕತ್ತಿ?

ನಿನ್ನ ಕೈಯಾಗಿನ ಆ ಗಡಿಯಾರ ಸುಳ್ಳಬುರುಕ ಐತಿ, ಬೇ! ತಾ ಇಲ್ಲೆ ಕೈ! ಬಿಚ್ಚ... ಹೂಂ, ರಕ್ತ ಬಂತು, ಬರ್ಲಿ! ನೋಡ, ಕಲ್ಲಿಗಿಟ್ಟ ಜಜ್ಜತೇನಿ. ತಗೋ! ಇನ್ನೊಂದ ತಗೋ! ನಿನಗೂ ಬೇಕೇನ?

ಹಂಗ ಪಿಳಿಪಿಳಿ ನೋಡಬ್ಯಾಡ. ಹೂಂ, ನಿನಗ ಹೇಳಿದಂಗ ಹೆಜ್ಜಿ ಎಣಸೂದಲ್ಲ ಅದು. ನನ್ನ ಬಡಿತ ಎಣಿಸಿ ತನಗ ಕಳಸಾಕ ಡಾಕ್ಟರ್ ನನಗ ಕಟ್ಟಿದ್ದು. ಮೂರ ತಿಂಗಳ ನೆಟ್ಟಗ ಬಡದ್ರ ಬ್ಯಾನಿ ತಿರುಗಿ ಬರಾಂಗಿಲ್ಲ, ತಪ್ಪಿದ್ರ ಬರತೈತಿ ಅಂತ ಹೇಳಿದ್ದ. ನನಗ ಅಂಜಿಕಿ ಆತು... ನಾ ಅಂಜಿದ್ನಿ, ಸಾಕ? ಮತ್ತ ಆ ಬೆಂಕಿ ನನಗ ಆಗೂದಿಲ್ಲ! ನಿನ್ನ ಎದಿ ಗಟ್ಟಿ ಐತಿ, ಡಾಕ್ಟರಗ ನಿನ್ನ ಬಡಿತ ಹೋಗಲಿ ಅಂತ ನಿನ್ನ ಕೈಗೆ ಕಟ್ಟಿದೆ.

ಯಾಕ ಎದಿ ಹಿಡಕೊಂಡಿ? ಸುರು ಆತು ನಾಟಕ! ಆಪರೇಶನ್ ಆದಂವ ನಾನು, ತಲಿ ತಿರಗೂದು ಇಕಿಗೆ! ಮೊನ್ನಿನೂ ಹಿಂಗ ಅಂದದ್ದಕ್ಕ ನೂಲ ಸುತ್ತಿದ ಕಂಡಕಿ ಬುಟ್ಟಿ ಬೆನ್ನಿಗೆ ಒಗದಿದ್ದೆ, ಮರತೀ? ಬಾಯಿ ಬಿಡ! ಬೈ ನನ್ನ!

...ದಾನಮ್ಮ? ಯಾಕ ಗ್ವಾಡಿಗೆ ವಾಲಿ ಬಿದ್ದಿ? ಕಣ್ಣ ತಗಿ. ಹೊಡ್ಯಾಂಗಿಲ್ಲ, ಆಣಿ ಮಾಡತೇನಿ, ಕಣ್ಣ ತಗಿ... ಎಷ್ಟ ಬೆವತಿ! ತಾಳ, ಕಿವಿ ಹಚ್ಚತೇನಿ...

ಅಯ್ಯಯ್ಯೋ! ಎರಡ ಬಡದು ಒಂದ ಬಿಡತೈತಿ... ಓಡತೈತಿ, ನಿಲ್ಲತೈತಿ... ಲಾಳಿ ಸಿಕ್ಕೊಂಡ ಮಗ್ಗದಂಗ. ಸುಡೂಕ್ಕಿಂತ ಮೊದಲ ನಂದೂ ಹಿಂಗ ಇತ್ತು!

ಭೀಮಶೀ! ಲೇ ಮಗ್ಗಲಮನಿ ಭೀಮಶೀ, ಗಾಡಿ ತಗೀಲೇ! ನನಗೇನಾಗಿಲ್ಲೋ... ಇಕಿಗೆ! ಡಾಕ್ಟರ್ ಖರೆ ಹೇಳ್ಯಾನ. ಗಡಿಯಾರ ಇಕಿ ಕೈಯಾಗಿತ್ತು... ನಾನ ಕಟ್ಟಿದ್ದೆ.