ಕಾಜಾ ಹಾಕುವ ಮಿಶಿನ್

ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ತೀರ್ಥಮ್ಮನೂ ಅವರ ಸೊಸೆ ಅಶ್ವಿನಿಯೂ ಹೊಸ ಹೊಲಿಗೆ ಮಿಶಿನ್ ಕೊಳ್ಳಲು ಕಡೂರಿನ ಬಸ್ಸಿಗೆ ಕಾಯುತ್ತಿದ್ದರು. ಅವರ ಮಾತು ಪಕ್ಕದ ಬೆಂಚಿಗೆಲ್ಲ ಕೇಳಿಸುತ್ತಿತ್ತು.

"ಕಂಪ್ಯೂಟರ್ ಮಿಶಿನ್ ಅಂತೀಯ, ಕರೆಂಟ್ ಹೋದ್ರೆ ಏನ್ಮಾಡ್ತೀಯೇ?"

"ತುಳಿಯೋಕೆ ಹಳೇದು ಇದ್ದೇ ಐತಲ್ಲ ಅತ್ತೆ."

"ಆ ದುಡ್ಡಿಗೆ ಒಂದು ಕರೆಯೋ ಎಮ್ಮೆ ಬತ್ತೈತೆ ಕಣೇ."

"ಎಮ್ಮೆ ಕಾಜಾ ಹೊಲಿತೈತಾ?"

"ಮಿಶಿನ್ ಕಾಜಾನೂ ಹೊಲಿತೈತಾ?"

"ಬಟನ್ ಒತ್ತಿದ್ರೆ ಸಾಕಂತೆ. ಗುಂಡೀನೂ ಅದೇ ಹಾಕುತ್ತಂತೆ."

ತೀರ್ಥಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಹನ್ನೊಂದು ವರ್ಷದಿಂದ ಸೊಸೆ ಹೊಲಿದ ಒಂದೊಂದು ಸ್ಕೂಲ್ ಷರ್ಟಿಗೂ ಗುಂಡಿ ತೂರಿಸುವ ಕಾಜಾ ಹೊಲಿದು, ಗುಂಡಿ ಹಚ್ಚಿದ್ದು ಅವರ ಕೈಯೇ.

"ಹಂಗಾದ್ರೆ ನಾನೆಲ್ಲಿ ಕೂತ್ಕಳ್ಲಿ?"

ಅಶ್ವಿನಿ ಅತ್ತೆಯ ಬೆರಳಿನಿಂದ ಸೆರಗನ್ನು ಬಿಡಿಸಿದಳು.

"ಮಿಶಿನ್ ಮುಂದೆ ಕೂತ್ಕಳಿ. ನಾನು ಬಟ್ಟೆ ಕತ್ತರಿಸ್ಕೊಡ್ತೀನಿ, ಬಟನ್ ನೀವು ಒತ್ತಿ."

"ಅಯ್ಯೋ, ನನ್ನ ಕೈಲಿ ಕೆಟ್ಟೋದ್ರೆ?"

"ಮೊದ್ಲು ನನ್ನ ಕೈಲೇ ಕೆಡುತ್ತೆ ಬಿಡಿ. ಅಂಗಡೀಲಿ ಇಬ್ರೂ ಕಲಿಯಾನ."

"ಕನ್ನಡಕ ಮನೇಲೇ ಬಿಟ್ಟು ಬಂದಿದೀನಲ್ಲೇ!"

"ನನ್ನ ಬ್ಯಾಗಲ್ಲೈತೆ. ಬೆಳಿಗ್ಗೇನೇ ಇಟ್ಕಂಡೆ."

ಅಷ್ಟರಲ್ಲಿ ಬಸ್ಸು ಬಂತು. ತೀರ್ಥಮ್ಮ ಕನ್ನಡಕ ಏರಿಸಿ, ಬೋರ್ಡನ್ನು ತಾವೇ ಗಟ್ಟಿಯಾಗಿ ಓದಿ, ಸೊಸೆಗಿಂತ ಮುಂಚೆ ಹತ್ತಿದರು.