ಹದಿನಾಲ್ಕನೇ ಸುತ್ತು

ಓಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವಳಿಗೆ ಓಟವೇ ಬೇಕಿಲ್ಲ. ಗಾದೆಯ ಕಾಲು ಕೊಂಚ ಉಳುಕಿದೆ, ಕ್ಷಮಿಸಬೇಕು; ಕಥೆ ಮಾತ್ರ ನೂರಕ್ಕೆ ನೂರು ನಿಜ. ನಡೆದ ಕಥೆ ಎನ್ನುವಂತಿಲ್ಲ, ಓಡಿದ ಕಥೆ. ಓಡಿದವರು ಭಾವ, ಸರ್ಕಾರಿ ಸರ್ವೇಯರ್. ಓಡಿಸಿದವಳು ಅವರ ಹೆಂಡತಿಯ ತಂಗಿ, ಹೊಲಿಗೆ ಅಂಗಡಿಯ ನಾದಿನಿ, ಅದೂ ಕೂತಲ್ಲಿಂದಲೇ. ಭಾನುವಾರ ಬೆಳಗಿನ ಎಂಟೂವರೆಗೆ ಅವಳು ಮಹಡಿಯ ಕಿಟಕಿಗೆ ಕುರ್ಚಿ ಎಳೆದುಕೊಂಡು, ಗಂಟಲನ್ನು ಗಡಸು ಮಾಡಿಕೊಂಡು ಭಾವನಿಗೆ ಫೋನ್ ಮಾಡಿದಳು. ಅವರ ಫೋನು ಸೊಂಟದ ಚೀಲದಲ್ಲಿತ್ತು, ಕಿವಿಯಲ್ಲಿ ಇಯರ್‌ಫೋನು. ಯಾರ ಕರೆ ಎಂದು ನೋಡಲು ಓಡುವವರಿಗೆ ಪುರುಸೊತ್ತೆಲ್ಲಿ?

"ಹಲೋ… ಯಾರ್ರೀ ಮಾತಾಡ್ತಿರೋದು?… ಸರ್ವೇಯರ್ ತಾನೇ?… ಹಾಂ, ನಾನ್ರೀ, ನಿಮ್ಮ ಮೇಲಧಿಕಾರಿ. ದನಿ ಗುರುತು ಸಿಗ್ಲಿಲ್ವಾ?… ಯಾಕ್ರೀ ಹೀಗೆ ಏದುಸಿರು ಬಿಡ್ತಿದೀರಿ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?"

"……ಓಡ್ತಿದೀರಾ? ಭಾನುವಾರ ಓಡ್ತೀರಿ, ಸೋಮವಾರ ಕಚೇರಿಗೆ ಮಾತ್ರ ತೆವಳ್ಕೊಂಡು ಬರ್ತೀರಿ. ಇರ್ಲಿ. ಆ ಮೂಲೆ ನಿವೇಶನದ ನಕ್ಷೆ ಇದೆಯಲ್ಲ, ಅದರ ಪೂರ್ವದ ಗಡಿ ಹನ್ನೊಂದು ಮೀಟರೋ, ಹನ್ನೆರಡೋ?"

"……ಹನ್ನೆರಡೂವರೆ? ನನ್ನ ಕಾಗದದಲ್ಲಿ ಹನ್ನೊಂದೂಕಾಲು ಅಂತಿದೆ. ಯಾರು ಸುಳ್ಳು, ನೀವೋ ಕಾಗದವೋ?… ಕಾಗದವಾ? ಆಯ್ತು, ಪಶ್ಚಿಮ ಎಷ್ಟು?… ಉತ್ತರ?… ದಕ್ಷಿಣ?… ಈಗ ನಾಲ್ಕನ್ನೂ ಕೂಡಿಸಿ ಹೇಳಿ… ಹಾಂ, ಓಡ್ತಾ ಓಡ್ತಾನೇ ಕೂಡಿಸಿ. ಓಡೋದು ಕಾಲು ತಾನೇ, ತಲೆ ಖಾಲಿ ಇದೆಯಲ್ಲ!"

ಕಿಟಕಿಯ ಕೆಳಗೆ ಉದ್ಯಾನ, ಅದನ್ನು ಬಳಸಿಕೊಂಡು ಒಂದು ರಸ್ತೆ. ಒಂದು ಸುತ್ತಿಗೆ ಎರಡು ಕಿಲೋಮೀಟರ್. ಅಳತೆಯ ಗಾಲಿ ಉರುಳಿಸಿ ಅಳೆದವರು ಸ್ವತಃ ಭಾವ. ಹದಿನಾರು ಸುತ್ತು ಮುಗಿಸಿದವರ ಹೆಸರನ್ನಷ್ಟೇ ಕೋಚ್ ಮೇಷ್ಟ್ರು ಮುಂದಿನ ತಿಂಗಳ ದೊಡ್ಡ ಓಟದ ಪಟ್ಟಿಗೆ ಸೇರಿಸುತ್ತಿದ್ದರು, ಆ ಪಟ್ಟಿ ಇವತ್ತು ಹತ್ತು ಗಂಟೆಗೆ ಮುಗಿಯುವುದಿತ್ತು. ಕಳೆದ ಮೂರು ಭಾನುವಾರವೂ ಭಾವ ಹದಿನಾಲ್ಕನೇ ಸುತ್ತು ಮುಗಿಯುತ್ತಲೇ ಕೀಲಿ ಮುಗಿದ ಆಟಿಕೆಯ ಹಾಗೆ ನಿಂತುಬಿಟ್ಟಿದ್ದರು. ಮೂರನೆಯ ಸಲ ಮನೆಗೆ ಬಂದವರು ಊಟಕ್ಕೂ ಏಳದೆ, "ಇನ್ನೊಂದೇ ಭಾನುವಾರ. ಆಗ್ಲಿಲ್ಲ ಅಂದ್ರೆ ಶೂ ಯಾರಿಗಾದ್ರೂ ಕೊಟ್ಬಿಡ್ತೀನಿ. ಇಪ್ಪತ್ತೈದು ವರ್ಷ ಊರವರ ಜಾಗ ಅಳೆದೆ, ನನ್ನ ಅಳತೆ ಇಷ್ಟೇ ಅಂತ ಈಗ ಗೊತ್ತಾಯ್ತು" ಎಂದಿದ್ದರು. ಅಕ್ಕ ತಂಗಿಯ ಕೈ ಹಿಡಿದು, "ಏನಾದ್ರೂ ಮಾಡೇ" ಎಂದಿದ್ದಳು.

ತಂಗಿ ಅದನ್ನೇ ಮಾಡುತ್ತಿದ್ದಳು. ವಾಚು ಕಟ್ಟಕೂಡದೆಂದು ಮೇಷ್ಟ್ರ ಕಟ್ಟಪ್ಪಣೆ. ಹಾಗಾಗಿ ಸುತ್ತಿನ ಲೆಕ್ಕ ನಾದಿನಿಯ ಪಾಲಿಗೆ ಬಂದಿತ್ತು. ಕಪ್ಪು ಲೈನಿಂಗ್ ಬಟ್ಟೆಯ ಮೇಲೆ, ಗುರುತು ಹಾಕುವ ಸೀಮೆಸುಣ್ಣದಿಂದ, ಸುತ್ತಿಗೊಂದು ಗೆರೆ. ಈಗ ಭಾವ ಕಿಟಕಿಯ ಕೆಳಗೆ ಹಾದುಹೋದರು. ತುಟಿ ಅಲ್ಲಾಡುತ್ತಿತ್ತು, ಪಾಪ, ನಾಲ್ಕು ದಿಕ್ಕನ್ನೂ ಕೂಡಿಸುತ್ತಿದ್ದರು. ಅವಳು ಗೆರೆ ಎಳೆದಳು. ಹದಿನಾಲ್ಕು.

"ಭಾವ!… ನಾನು ಭಾವ! ಮೇಲಧಿಕಾರಿ ಅಲ್ಲ, ಮೇಲಿನ ಕಿಟಕಿ!… ಬೈಬೇಡಿ, ಬೈಬೇಡಿ, ಉಸಿರು ದಂಡ."

"……ಹಾಂ? ಈಗ ಮುಗಿದಿದ್ದು ಎಷ್ಟನೇದಾ?… ಅದು… ಹನ್ನೆರಡು."

"……ಹದಿನಾಲ್ಕಾ? ಯಾರ ಪ್ರಕಾರ?… ಹದಿಮೂರೂ ಇರಬಹುದಾ? ನೋಡಿ, ನಿಮಗೇ ಖಾತ್ರಿ ಇಲ್ಲ. ಹನ್ನೆರಡೂವರೆ ಯಾವುದು ಹೇಳಿ… ಪೂರ್ವದ ಗಡಿ. ಹನ್ನೊಂದೂಕಾಲು?… ಕಾಗದ. ಸುತ್ತು, ಗಡಿ, ಕಾಗದ, ಎಲ್ಲಾ ಕಲಸುಮೇಲೋಗರ ಮಾಡ್ಕೊಂಡು ಈಗ ನನ್ನ ಗೆರೆ ಮೇಲೆ ಅನುಮಾನ ಪಡ್ತೀರಾ?… ಎಣಿಸ್ಲಾ? ಎಣಿಸ್ತೀನಿ ಕೇಳಿ. ಒಂದು, ಎರಡು, ಮೂರು… ಹತ್ತು, ಹನ್ನೊಂದು, ಹನ್ನೆರಡು. ಗೆರೆ ಏನು ಮರಿ ಹಾಕುತ್ತಾ ಭಾವ?"

ಎರಡು ಗೆರೆಗಳ ಮೇಲೆ ಅವಳು ಅಂಗೈ ಮುಚ್ಚಿ ಹಿಡಿದಿದ್ದಳು. ಯಾರೂ ನೋಡುತ್ತಿರಲಿಲ್ಲ, ಆದರೂ ಮುಚ್ಚಿದ್ದಳು. ಏಕೆಂದರೆ ಭಾವ ಸಾಮಾನ್ಯ ಆಸಾಮಿಯಲ್ಲ. ಸ್ವಂತ ಅಣ್ಣನ ಕಾಂಪೌಂಡು ಒಂದು ಗೇಣು ಆಚೆ ಬಂದಿದೆಯೆಂದು ಮುಂದೆ ನಿಂತು ಕೆಡವಿಸಿದವರು. ಇವಳು ಕಾಲೇಜು ಮುಗಿಸಿ ಹೊಲಿಗೆಗೆ ಕೂತಾಗ ಟೇಪು ನೇರವಾಗಿ ಹಿಡಿಯುವುದನ್ನು ಹೇಳಿಕೊಟ್ಟವರೂ ಅವರೇ: "ಅರ್ಧ ಇಂಚಿನ ಸುಳ್ಳೂ ಸುಳ್ಳೇ ಕಣಮ್ಮಾ. ಅಳತೆಯಲ್ಲಿ ಸುಳ್ಳು ಹೇಳಿದವರ ಮಾತು ನಾನು ಆಮೇಲೆ ಯಾವತ್ತೂ ನಂಬಲ್ಲ." ಅಂಥವರಿಗೆ ಈಗ ನಾಲ್ಕು ಕಿಲೋಮೀಟರ್ ಸುಳ್ಳು. ಗೊತ್ತಾದ ದಿನ ತನ್ನ ಗತಿ ಏನು? ನಾದಿನಿಯ ಎದೆ, ಹೊಲಿಗೆ ಯಂತ್ರದ ಹಾಗೆ, ಕಾಲು ಒತ್ತದೆಯೇ ಓಡತೊಡಗಿತು.

"……ಹೇಳಿ ಭಾವ, ಇದೀನಿ… ನೋವಾ? ಎಲ್ಲಿ?… ಮೊಣಕಾಲಾ? ಮೇಷ್ಟ್ರು ಕೊಟ್ಟ ಮಂತ್ರ ಹೇಳ್ಕೊಳ್ಳಿ. 'ನಾನೇ ಗಾಳಿ, ನಾನೇ ಗಾಳಿ…' ಯಾಕೆ, ಬೇಡ್ವಾ?… ಹಾಂ?… ಅದನ್ನ ಹೇಳಿದಾಗೆಲ್ಲ ಹೊಟ್ಟೆ ಒಳಗಿನ ಗಾಳಿ ನೆನಪಾಗುತ್ತಾ? ಥೂ, ಭಾವ!"

"……ಸರಿ, ಗಾಳಿ ಬಿಟ್ಬಿಡಿ… ಅಯ್ಯೋ, ಆ ಅರ್ಥದಲ್ಲಲ್ಲ! ಮಂತ್ರ ಬಿಟ್ಬಿಡಿ ಅಂದೆ!"

"……ನನ್ನ ಮಂತ್ರ ಕೊಡ್ತೀನಿ, ತಗೊಳ್ಳಿ. ಹೋಟೆಲಿಗೆ ಅರವತ್ತು ಪರದೆ ಹೊಲಿದೆನಲ್ಲ, ಆವಾಗಿನದು. 'ಇದೊಂದು.'… ಅಷ್ಟೇ ಭಾವ, ಬಾಲ ಇಲ್ಲ. ಅರವತ್ತು ಅಂದ್ಕೊಂಡ್ರೆ ಕೈ ಬಿದ್ದುಹೋಗುತ್ತೆ. ಇದೊಂದು ಅಂದ್ಕೊಂಡ್ರೆ ಇದೊಂದೇ. ದೀಪದ ಕಂಬ ಕಾಣುತ್ತಾ?… ಅಲ್ಲೀವರೆಗೆ 'ಇದೊಂದು'. ಅದು ದಾಟಿದ್ಮೇಲೆ ಅದರ ಮುಂದಿನ ಕಂಬ. ಒಟ್ಟು ಎಷ್ಟು ಕಂಬ ಅಂತ ಮಾತ್ರ ಎಣಿಸ್ಬೇಡಿ… ಎಣಿಸಾಗಿದೆಯಾ?… ಅರವತ್ತೇಳಾ? ಯಾವಾಗ?… ಹೋದ ವರ್ಷವೇ? ಅಬ್ಬಬ್ಬಾ, ಸರ್ವೇಯರ್ ಸಹವಾಸ ಸಾಕಪ್ಪಾ!"

"……ಕೇಳಿಸ್ತಿದೆ, ಹೇಳ್ತಿದೀರಿ. ಇದೊಂದು… ಇದೊಂದು… ಹಾಂ, ಉಸಿರು ಬಿಡುವಾಗ ಹೇಳಿ, ಎಳ್ಕೊಳ್ಳುವಾಗ ಅಲ್ಲ. ಎಳ್ಕೊಳ್ಳುವಾಗ ಹೇಳಿದ್ರೆ ಬಿಕ್ಕಳಿಕೆ ಬಂದ ಹಾಗೆ ಕೇಳುತ್ತೆ."

"……ಇನ್ನೂ ನೋವಾ? ಹಾಗಾದ್ರೆ ಫೋನು ಮೊಣಕಾಲಿಗೆ ಕೊಡಿ… ಅಯ್ಯೋ, ಕೊಟ್ಟ ಹಾಗೆ ಅಂದ್ಕೊಳ್ಳಿ ಅಂದ್ರೆ! 'ಹಲೋ, ಯಾರಪ್ಪಾ ಅದು? ನಾನು ಬಲಮೊಣಕಾಲು. ನಲವತ್ತೊಂಬತ್ತು ವರ್ಷದಿಂದ ಸರ್ವೀಸಲ್ಲಿದೀನಿ. ಒಂದು ರಜೆ ಇಲ್ಲ, ಬಡ್ತಿ ಇಲ್ಲ, ಮೆಟ್ಟಿಲು ಹತ್ತುವಾಗ ಕಟಕಟ ಅಂತ ಅರ್ಜಿ ಕೊಟ್ರೂ ನಿಮ್ಮ ಸರ್ವೇಯರ್ ಓದೋದಿಲ್ಲ. ಎಡಗಾಲು ಬೇರೆ, ಕೆಲಸ ಎಲ್ಲಾ ನನ್ನ ಮೇಲೆ ಹಾಕಿ…' ನಕ್ರಲ್ಲಾ? ನಗಿ, ನಗಿ. ನಕ್ರೆ ಭುಜ ಸಡಿಲ ಆಗುತ್ತಂತೆ, ಮೇಷ್ಟ್ರೇ ಹೇಳಿಲ್ವಾ? ಹಲ್ಲು ಕಿಸ್ಕೊಂಡೇ ಓಡಿ."

"……ಏನಾಯ್ತು?… ಎದುರಿಗೆ ಬಂದ ಅಜ್ಜಿ ಗಾಬರಿ ಆಗಿ ಪಕ್ಕಕ್ಕೆ ಸರಿದ್ರಾ? ಒಂದು ನಮಸ್ಕಾರ ಹಾಕಿ ಮುಂದೆ ಹೋಗಿ ಭಾವ, ಹಿಂದೆ ತಿರುಗಿ ವಿವರಣೆ ಕೊಡೋಕೆ ಹೋಗ್ಬೇಡಿ!"

ಹೀಗೆ ಮೊಣಕಾಲಿನ ಅಹವಾಲು ಕೇಳುತ್ತ ಕೇಳುತ್ತ ಭಾವ ಮತ್ತೊಂದು ಸಲ ಕಿಟಕಿಯ ಕೆಳಗೆ ಬಂದರು. ಸ್ಟೂಲಿನ ಮೇಲಿಟ್ಟಿದ್ದ ಬಾಟಲಿ ಎತ್ತಿ, ಅರ್ಧ ನೀರು ಬಾಯಿಗೆ, ಅರ್ಧ ತಲೆಗೆ ಸುರಿದುಕೊಂಡು ಮುಂದೆ ಹೋದರು. ಅವಳು ಹದಿನೈದನೇ ಗೆರೆ ಎಳೆದಳು.

"……ಹದಿಮೂರು ಭಾವ! ಹದಿಮೂರಾಯ್ತು!… ಚೆನ್ನಾಗೇ ಓಡ್ತಿದೀರಿ. ಅಂಗಿ ಮಾತ್ರ ಹಿಂಡಿ ಹರವಿದ ಹಾಗಿದೆ."

"……ಯಾಕೆ ಸದ್ದೇ ಇಲ್ಲ?… ಹಲೋ?… ಶುರುವಾಯ್ತಾ? ಏನು ಶುರುವಾಯ್ತು?… ಕಾಲು ಭಾರ? ಇಷ್ಟು ಹೊತ್ತು ಇರ್ಲಿಲ್ಲ, ಈಗ ಇದ್ದಕ್ಕಿದ್ದ ಹಾಗೆ ಬಂತಾ?… ಹದಿನಾಲ್ಕನೇದು ಅಂತಲಾ? ಹದಿನಾಲ್ಕು ಏನು ಭಾವ, ಹುಲಿಯಾ? ಬಾಗಿಲ ಹತ್ರ ಕೂತು ಕಾಯ್ತಿದೆಯಾ?"

"……ಇಲ್ಲ, ನಿಲ್ಲಬೇಡಿ. ನಡೀರಿ ಬೇಕಾದ್ರೆ, ಹತ್ತು ಹೆಜ್ಜೆ ನಡೆದು ಮತ್ತೆ ಓಡಿ… ಹತ್ತು ಮುಗೀತು, ಓಡಿ… ಹನ್ನೊಂದು ಆಯ್ತಾ? ಹಾಗಾದ್ರೆ ಒಂದು ಹೆಜ್ಜೆ ಸಾಲ ಮಾಡಿದೀರಿ, ಬೇಗ ತೀರಿಸಿ!"

"……ತಡೀರಿ, ನಮ್ಮ ಅಮ್ಮ ಲೈನಿಗೆ ಬಂದಿದಾರೆ. 'ಅಳಿಯಂದ್ರೇ, ಅಂದು ನಮ್ಮ ದೊಡ್ಡವಳನ್ನ ನೋಡೋಕೆ ಬರುವಾಗ ಬಸ್ಸು ತಪ್ಪಿ ಎಂಟು ಮೈಲಿ ನಡ್ಕೊಂಡು ಬಂದ್ರಲ್ಲಾ, ಆಗ ಯಾವ ಮಂತ್ರ ಹೇಳ್ಕೊಂಡು ಬಂದ್ರಿ?'… ಹೇಳಿ, ಅತ್ತೆ ಕೇಳ್ತಿದಾರೆ… ಏನು?… ಜೋರಾಗಿ!… ಅಕ್ಕನ ಹೆಸರಾ? ಓಹೋಹೋಹೋ! ಇಪ್ಪತ್ತು ವರ್ಷ ಬಚ್ಚಿಟ್ರಲ್ಲಾ ಭಾವ! ಇರಿ, ಈಗ್ಲೇ ಅಕ್ಕನಿಗೆ ಫೋನ್ ಮಾಡ್ತೀನಿ… ಬೇಡ್ವಾ? ಬೇಡ ಅಂದ್ರೆ ಓಡಿ!"

ಭಾವ ಓಡಿದರು. ಕಿವಿಯಲ್ಲಿ ಬರೀ ಉಸಿರು, ಕಲ್ಲಿನ ಮೇಲೆ ಗೋಣಿ ಎಳೆದಂಥ ಉಸಿರು. ಹೇಳಿಬಿಡಲೇ ಎಂದು ಅವಳಿಗೆ ನಾಲ್ಕು ಸಲ ಅನಿಸಿತು. ಹೇಳಿದರೆ ಭಾವ ಅಲ್ಲೇ ನಿಂತು, ಮೊದಲು ನ್ಯಾಯ ತೀರ್ಮಾನ ಆಗಲಿ, ಆಮೇಲೆ ಓಟ, ಎನ್ನುವ ಪೈಕಿ. ಬಾಯಿಗೆ ಬಂದ ನಿಜವನ್ನು ಗುಂಡುಪಿನ್ನಿನ ಹಾಗೆ ತುಟಿಯಲ್ಲೇ ಕಚ್ಚಿ ಹಿಡಿದಳು.

ತಿರುವಿನಲ್ಲಿ ಮೊದಲು ತಲೆ ಕಂಡಿತು, ಆಮೇಲೆ ಹಿಂಡಿದ ಅಂಗಿ. ಓಟವೆನ್ನಲು ನಾಚಿಕೆಯಾಗುವಂಥ ಓಟ, ಆದರೆ ನಡಿಗೆಯಲ್ಲ. ಕಿಟಕಿಯ ಕೆಳಗಿನ ಕಂಬ ದಾಟಿದರು. ಅವಳು ಹದಿನಾರನೇ ಗೆರೆ ಎಳೆದ ರಭಸಕ್ಕೆ ಸೀಮೆಸುಣ್ಣ ಮುರಿಯಿತು.

"ಭಾವ! ಭಾವ, ಕೇಳಿ… ಯಾಕೆ ನಿಂತ್ರಿ? ಕೂತ್ಬಿಟ್ರಾ?… ಅಲ್ಲ, ನಾನು ಹೇಳ್ತಿರೋದು ಏನಂದ್ರೆ… ಹದಿನಾಲ್ಕಾಯ್ತು ಅಂತ ನಿಮಗೆ ಗೊತ್ತಾ? ಸರಿಯಾಗಿ ಹದಿನಾಲ್ಕಕ್ಕೆ ಕಾಲು ಸತ್ತುಹೋಯ್ತಾ?… ಮತ್ತೆ ಅದೇ ಜಾಗದಲ್ಲೇ?"

"……ಮೇಷ್ಟ್ರಿಗೆ ಏನಂತ ಹೇಳ್ಬೇಕು?… ಹೆಸರು ಬಿಟ್ಬಿಡಿ ಅಂತಾನಾ?… ಭಾವ, ಶೂ ಯಾಕೆ ಬಿಚ್ತಿದೀರಿ? ಬೇಡ. ಬೇಡ ಅಂದೆ! ಒಂದು ನಿಮಿಷ ನನ್ನ ಮಾತು ಕೇಳಿ."

"……ಹದಿನಾರು."

"……ಹದಿನಾರು ಭಾವ. ಹದಿನಾಲ್ಕಲ್ಲ. ಮೂವತ್ತೆರಡು ಕಿಲೋಮೀಟರ್ ಓಡಿ ಬಂದು ಕೂತಿದೀರಿ… ತಮಾಷೆ ಅಲ್ಲ. ನನ್ನ ದನಿಯಲ್ಲೇ ಹೇಳ್ತಿದೀನಿ, ಬೇರೆ ಯಾರ ದನಿಯೂ ಅಲ್ಲ."

"……ಯಾವಾಗಿಂದ?… ಮೇಲಧಿಕಾರಿ ಜೊತೆ ಮಾತಾಡ್ತಿದ್ದಾಗ್ಲೇ ಹದಿನಾಲ್ಕು ಮುಗೀತು. ನಾನು ಹನ್ನೆರಡು ಅಂದೆ… ಹೌದು, ಬೇಕಂತಲೇ. ನಿಮ್ಮ ಎಣಿಕೆ ಕೆಡಿಸೋಕೇ ಆ ಗಡಿ, ಈ ಗಡಿ ಎಲ್ಲ ಕೇಳಿದ್ದು… ಹದಿನಾಲ್ಕು ನಿಜವಾಗ್ಲೂ ಬಂದಾಗ ನಿಮ್ಮ ಕಾಲಿಗೆ ಗೊತ್ತೇ ಆಗ್ಲಿಲ್ಲ ಭಾವ, ಪಶ್ಚಿಮ ದಿಕ್ಕು ಹುಡುಕ್ತಾ ದಾಟಿ ಹೋಯ್ತು."

"……ಹಲೋ?"

"……ಮಾತಾಡಿ ಭಾವ. ಬೈರಿ ಬೇಕಾದ್ರೆ. ಟೇಪು ಹಿಡಿಯೋದು ಕಲಿಸಿದವರಿಗೇ ಅಳತೆಯಲ್ಲಿ ಸುಳ್ಳು ಹೇಳ್ದೆ, ಗೊತ್ತು. ನಾಲ್ಕು ಕಿಲೋಮೀಟರ್ ಕದ್ದೆ. ಆದ್ರೆ ಕದ್ದ ಮಾಲು ನಿಮ್ಮ ಕಾಲಲ್ಲೇ ಇದೆ, ನಾನೇನೂ ಮನೆಗೆ ತಗೊಂಡು ಹೋಗಿಲ್ಲ… ಇನ್ಮೇಲೆ ನನ್ನ ಮಾತು ನಂಬಲ್ವಾ?… ಭಾವ?… ಅಕ್ಕನದೇನೂ ತಪ್ಪಿಲ್ಲ, ಅವಳಿಗೆ ಇದು ಗೊತ್ತೂ ಇಲ್ಲ."

ನಾದಿನಿ ಎದ್ದು ಕಿಟಕಿಯಿಂದ ಅರ್ಧ ದೇಹ ಹೊರಗೆ ಚಾಚಿ ನೋಡಿದಳು. ಭಾವ ಬೆಂಚಿನ ಮೇಲೆ ಮುಖ ತಗ್ಗಿಸಿ ಕೂತಿದ್ದರು. ಒಂದು ಶೂ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಸೊಂಟದ ಚೀಲ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಭುಜ ಗಡಗಡ ಅಲುಗುತ್ತಿತ್ತು.

"……ಅಳ್ತಿದೀರಾ?… ಭಾವ, ಅಳ್ಬೇಡಿ, ನನಗೂ ಅಳು ಬರುತ್ತೆ… ಏನು?… ಕೇಳಿಸ್ತಿಲ್ಲ, ಬಿಡಿಸಿ ಹೇಳಿ… ಕಾಲಿಗೆ… ಕಾಲಿಗೆ ಏನು?… ಕಾಲಿಗೆ ಎಣಿಸೋಕೆ ಬರಲ್ವಾ?"

"……ನಗ್ತಿದೀರಾ?! ನನ್ನ ಜೀವ ಇಲ್ಲಿ ಬಾಯಿಗೆ ಬಂದಿದೆ, ನೀವು ನಗ್ತಿದೀರಾ?… ಮೂರು ಭಾನುವಾರ ಸೋತಿದ್ದು ಕಾಲಲ್ಲ, ಹೌದು… ಹೌದು ಭಾವ, ತಲೆಯೇ, ಎಣಿಸಿ ಎಣಿಸಿ ಸೋಲ್ಸಿದ್ದು… ಹ್ಹ… ಮೂಲೆ ನಿವೇಶನವಾ? ಅಂಥ ನಿವೇಶನವೇ ಇಲ್ವಾ? ಮತ್ತೆ ಆ ಹನ್ನೆರಡೂವರೆ ಎಲ್ಲಿಂದ ತಂದ್ರಿ?… ಬಾಯಿಗೆ ಬಂದದ್ದು ಹೇಳಿದ್ರಾ? ಮೇಲಧಿಕಾರಿಗೆ? ನೀವು?!"

"……ಭಾವ, ಹತ್ತಾಗೋದ್ರೊಳಗೆ ಮೇಷ್ಟ್ರಿಗೆ ಹೇಳ್ಬೇಕು. ಹೆಸರು ಬರೆಸ್ಲಾ?… ನಗು ನಿಲ್ಲಿಸಿ ಹೇಳಿ! ಬರೆಸು ಅಂದ್ರಾ, ಬಿಡು ಅಂದ್ರಾ?… 'ಬ' ಮಾತ್ರ ಕೇಳಿಸ್ತು, ಎರಡಕ್ಕೂ 'ಬ'ನೇ!… ಬರೆ…ಸು. ಬರೆಸು! ಬರೆಸು ಅಂದ್ರಲ್ಲಾ?… ಹಲೋ?… ಹಲೋ, ಭಾವ?…"

ನಕ್ಕ ಕುಲುಕಾಟಕ್ಕೆ ಚೀಲ ಭಾವನ ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು, ಕರೆ ಕಡಿದುಹೋಯಿತು. ನಾದಿನಿ ಸತ್ತ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಳು. ನಗು ಮಾತ್ರ ಕೆಳಗಿನಿಂದ ತಂತಿಯ ಹಂಗಿಲ್ಲದೆ ನೇರವಾಗಿ ಏರಿ ಬರುತ್ತಿತ್ತು. ಪತ್ರಿಕೆ ಓದುತ್ತಿದ್ದವರು ಪತ್ರಿಕೆ ಇಳಿಸಿ ನೋಡಿದರು, ಹುಲ್ಲಿನ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಅವಳಿಗೂ ನಗು ಬಂತು, ಕಿಟಕಿಯ ಚೌಕಟ್ಟು ಹಿಡಿದು ಹೊಟ್ಟೆ ನೋಯುವಷ್ಟು ನಕ್ಕಳು. ಆದರೂ ಭಾವನ ನಗುವಿನ ಮುಂದೆ ಅವಳದು ಪಿಸುಮಾತು.